ಕರೆಂಟಿಲ್ಲದ ಜಾಗದಲ್ಲಿ ಕಾರ್ಡ್‌ಲೆಸ್ ಉಪಕರಣಗಳ ಬ್ಯಾಟರಿ: ಎಷ್ಟು ಹೊತ್ತೊಯ್ಯಬೇಕು, ಹೇಗೆ ತುಂಬಿಸಬೇಕು?

ಮರದಪುಡಿ:

ವಿದ್ಯುತ್ ಸಂಪರ್ಕ ಇನ್ನೂ ಬಾರದ ಜಾಗವೊಂದರಲ್ಲಿ ಸಾಮಾನು ಇಡಲು ಮರದ ಚೌಕಟ್ಟಿನ ಸಣ್ಣ ಶೆಡ್ ಕಟ್ಟುತ್ತಿದ್ದೇನೆ. ಒಮ್ಮೆ ಹೋದರೆ ಮೂರು ದಿನ ಅಲ್ಲಿಯೇ ಉಳಿಯುತ್ತೇನೆ. ನನ್ನ ಬಳಿ ಇರುವುದು 18 ವೋಲ್ಟಿನ ಡ್ರಿಲ್, ಇಂಪ್ಯಾಕ್ಟ್ ಡ್ರೈವರ್, ವೃತ್ತಾಕಾರದ ಗರಗಸ ಮತ್ತು ಆ್ಯಂಗಲ್ ಗ್ರೈಂಡರ್. ಬ್ಯಾಟರಿಗಳು ನಾಲ್ಕು: 5 ಆಂಪಿಯರ್-ಗಂಟೆಯವು ಎರಡು, 2 ಆಂಪಿಯರ್-ಗಂಟೆಯವು ಎರಡು. ಕಳೆದ ಬಾರಿ ಮೊದಲ ದಿನದ ಮಧ್ಯಾಹ್ನಕ್ಕೇ ದೊಡ್ಡವೆರಡೂ ಬರಿದಾದವು, ಉಳಿದ ಎರಡು ದಿನ ಕೈಗರಗಸ ಹಿಡಿದು ಕಾಲ ಹಾಕಿದೆ.

ಮಡಚುವ 100 ವ್ಯಾಟ್ ಸೌರ ಫಲಕ, ಕಾರಿನ ಸಾಕೆಟ್ಟಿಗೆ ಚುಚ್ಚುವ ಇನ್ವರ್ಟರ್, ಇಲ್ಲವೇ ಪೋರ್ಟಬಲ್ ಪವರ್ ಸ್ಟೇಷನ್ (ದೊಡ್ಡ ಬ್ಯಾಟರಿಯೂ ಇನ್ವರ್ಟರೂ ಒಟ್ಟಿಗಿರುವ ಪೆಟ್ಟಿಗೆ), ಈ ಮೂರರ ನಡುವೆ ತೂಗಾಡುತ್ತಿದ್ದೇನೆ. ಜಾಹೀರಾತುಗಳಲ್ಲಿ ಎಲ್ಲವೂ ಸಾಕಾಗುತ್ತದೆ ಎಂದೇ ಬರೆದಿರುತ್ತದೆ. ಬಳಸಿ ನೋಡಿದವರ ಲೆಕ್ಕ ಬೇಕಾಗಿದೆ.

ವ್ಯಾಟ್‌ಗಂಟೆ:

ಮೊದಲು ಆಂಪಿಯರ್-ಗಂಟೆಯನ್ನು ಬದಿಗಿಟ್ಟು ಎಲ್ಲವನ್ನೂ ವ್ಯಾಟ್-ಗಂಟೆಗೆ ಇಳಿಸಿಕೊಳ್ಳಿ. 12 ವೋಲ್ಟಿನ ಆಂಪಿಯರ್-ಗಂಟೆಯೂ 18 ವೋಲ್ಟಿನ ಆಂಪಿಯರ್-ಗಂಟೆಯೂ ಒಂದೇ ಅಳತೆಯಲ್ಲ. ಅವೆರಡನ್ನು ಕೂಡಿಸಿ ಮೋಸಹೋದವರನ್ನು ಇಲ್ಲಿಯೇ ಸಾಕಷ್ಟು ಕಂಡಿದ್ದೇನೆ.

18 ವೋಲ್ಟಿನ ಪ್ಯಾಕಿನೊಳಗೆ 3.6 ವೋಲ್ಟಿನ ಐದು ಲಿಥಿಯಂ ಅಯಾನ್ ಸೆಲ್‌ಗಳು ಸರಣಿಯಲ್ಲಿರುತ್ತವೆ. ಪೂರ್ತಿ ತುಂಬಿದಾಗ ಪ್ರತಿ ಸೆಲ್ 4.2 ವೋಲ್ಟ್ ಮುಟ್ಟುವುದರಿಂದ ಇಡೀ ಪ್ಯಾಕ್ 21 ವೋಲ್ಟ್ ತೋರಿಸುತ್ತದೆ. '20 ವೋಲ್ಟ್ ಮ್ಯಾಕ್ಸ್' ಎಂದು ಮಾರುವ ಪ್ಯಾಕಿನಲ್ಲಿರುವುದೂ ಇದೇ ಐದು ಸೆಲ್, ಬದಲಾಗಿರುವುದು ಹೊದಿಕೆಯ ಮೇಲಿನ ಅಂಕಿ ಮಾತ್ರ. ಹಾಗಾಗಿ ನಿಮ್ಮ ದೊಡ್ಡ ಪ್ಯಾಕ್ 18ನ್ನು 5ರಿಂದ ಗುಣಿಸಿದರೆ 90 ವ್ಯಾಟ್-ಗಂಟೆ, ಚಿಕ್ಕದು 36. ನಾಲ್ಕೂ ಸೇರಿ 252.

ಈಗ ಸೋರಿಕೆಯ ಲೆಕ್ಕ. 90 ವ್ಯಾಟ್-ಗಂಟೆ ಪ್ಯಾಕಿನೊಳಗೆ ಇಳಿಯಬೇಕಾದರೆ, ಚಾರ್ಜರಿನ ದಕ್ಷತೆ ಶೇಕಡಾ 85 ಎಂದಿಟ್ಟುಕೊಂಡರೂ, ಅದಕ್ಕೆ ಸುಮಾರು 106 ವ್ಯಾಟ್-ಗಂಟೆ ಎಸಿ, ಅಂದರೆ ಮನೆಯ ಪ್ಲಗ್ಗಿನ ಬಗೆಯ ವಿದ್ಯುತ್, ಬೇಕು. ಆ ಎಸಿಯನ್ನು ಶೇಕಡಾ 88ರ ದಕ್ಷತೆಯ ಇನ್ವರ್ಟರ್ ತಯಾರಿಸುವುದಾದರೆ ಅದರ ಹಿಂದಿನ ಬ್ಯಾಟರಿಯಿಂದ ಹೊರಡುವುದು 120. ಅಂದರೆ ಮೂರು ಪಾಲು ತಲುಪಿಸಲು ನಾಲ್ಕು ಪಾಲು ಸುರಿಯಬೇಕು. ನಾಲ್ಕೂ ಪ್ಯಾಕ್‌ಗಳನ್ನು ಒಂದು ಸುತ್ತು ತುಂಬಿಸಲು ಸುಮಾರು 335 ವ್ಯಾಟ್-ಗಂಟೆಯ ಸಂಗ್ರಹ ಬೇಕಾಗುತ್ತದೆ. ಇದಕ್ಕಿಂತ ಕಡಿಮೆ ಸಾಮರ್ಥ್ಯದ ಪೆಟ್ಟಿಗೆ ಕೊಂಡು 'ದಿನಕ್ಕೊಂದು ಸುತ್ತು' ಎಂದು ಎಣಿಸಿದರೆ ನಿರಾಶೆಯಾಗುತ್ತದೆ.

ನಿಧಾನಿ:

ಲೆಕ್ಕ ಸರಿಯಾಗಿಯೇ ಇದೆ, ಆದರೆ ಅದರಿಂದ ನೇರವಾಗಿ ಹೊರಡುವ ಉತ್ತರವನ್ನು ಯಾರೂ ಹೇಳಲಿಲ್ಲ. ಮನೆಯಲ್ಲಿ ಚಾರ್ಜ್ ಮಾಡಿ ಒಯ್ದ ಪ್ಯಾಕಿನಲ್ಲಿ ಈ ಸೋರಿಕೆ ಯಾವುದೂ ಇಲ್ಲ. 5 ಆಂಪಿಯರ್-ಗಂಟೆಯ ಪ್ಯಾಕ್ ಸುಮಾರು 600ರಿಂದ 700 ಗ್ರಾಂ ತೂಗಿ 90 ವ್ಯಾಟ್-ಗಂಟೆ ಹೊರುತ್ತದೆ. ಅಷ್ಟೇ ಶಕ್ತಿಯನ್ನು ಲಿಥಿಯಂ ಐರನ್ ಫಾಸ್ಫೇಟ್ (ಲಿಥಿಯಂ ಬ್ಯಾಟರಿಯ ಇನ್ನೊಂದು ಬಗೆ) ಪೆಟ್ಟಿಗೆಯಲ್ಲಿ ಒಯ್ದರೆ ತೂಕ ಹೆಚ್ಚು, ಅದರ ಕಾಲು ಭಾಗ ದಾರಿಯಲ್ಲೇ ಶಾಖವಾಗಿ ಹೋಗುತ್ತದೆ. ಹೊತ್ತೊಯ್ಯಬಹುದಾದ ಸಂಗ್ರಹಗಳಲ್ಲಿ ಅತ್ಯಂತ ಹಗುರವಾದದ್ದು ಉಪಕರಣದ ಪ್ಯಾಕೇ. ಒಂದೆರಡು ದಿನದ ಕೆಲಸವಾದರೆ ಎರಡು ಪ್ಯಾಕ್ ಹೆಚ್ಚಿಗೆ ಇಟ್ಟುಕೊಂಡು ಈ ಸೌರ ಫಲಕದ ಗೊಡವೆಯೇ ಬೇಡ ಎನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ಮಾತು. ನಿಮ್ಮ ಬ್ಯಾಟರಿ ತಿಂದದ್ದು ಡ್ರಿಲ್ ಆಗಿರಲಾರದು. ಗ್ರೈಂಡರ್ ಒತ್ತಡದಲ್ಲಿ 600 ವ್ಯಾಟ್ ಎಳೆದರೆ 90 ವ್ಯಾಟ್-ಗಂಟೆಯ ಪ್ಯಾಕ್ 9 ನಿಮಿಷಕ್ಕೆ ಮುಗಿಯಿತು. ಇಂಪ್ಯಾಕ್ಟ್ ಡ್ರೈವರ್ ಸ್ಕ್ರೂ ತಿರುಗಿಸುವುದು ಒಂದೆರಡು ಸೆಕೆಂಡಿನ ಕೆಲಸ, ಮಿಕ್ಕ ಹೊತ್ತೆಲ್ಲ ಸುಮ್ಮನಿರುತ್ತದೆ. ಕತ್ತರಿಸುವ ಕೆಲಸದಲ್ಲಿ ಆಗುವಷ್ಟನ್ನು ಕರೆಂಟ್ ಇರುವ ಕಡೆಯೇ ಮುಗಿಸಿಕೊಳ್ಳಿ, ಗರಗಸಕ್ಕೆ ತೆಳು ಸೀಳಿನ ಹರಿತವಾದ ಬ್ಲೇಡ್ ಹಾಕಿ. ಮೊಂಡು ಬ್ಲೇಡು ಮರವನ್ನು ಕೊಯ್ಯುವುದಕ್ಕಿಂತ ಸುಡುವುದೇ ಹೆಚ್ಚು, ಆ ಸುಡುವ ಶಕ್ತಿಯೂ ನಿಮ್ಮ ಪ್ಯಾಕಿನಿಂದಲೇ ಹೋಗುತ್ತದೆ.

ಬಿಸಿಲುಕೋಲು:

ನಿಧಾನಿಯವರ ಮಾತು ಮೂರು ದಿನಕ್ಕೆ ಸರಿ, ಆರು ದಿನವಾದರೆ ಸಾಲದು. ಪ್ಯಾಕ್‌ಗಳ ರಾಶಿ ಎಷ್ಟೇ ದೊಡ್ಡದಿದ್ದರೂ ಒಮ್ಮೆ ಬರಿದಾಗುತ್ತದೆ. ಫಲಕ ಹಾಗಲ್ಲ, ಮಾರನೆಯ ದಿನ ಮತ್ತೆ ಕೊಡುತ್ತದೆ.

ಆದರೆ 100 ವ್ಯಾಟ್ ಎಂಬ ಅಂಕಿಯನ್ನು ಯಾರೂ ನಂಬಬೇಡಿ. ಅದು ಪ್ರತಿ ಚದರ ಮೀಟರಿಗೆ 1000 ವ್ಯಾಟ್ ಬಿಸಿಲು ಬೀಳುವಾಗ, ಫಲಕದ ಸೆಲ್ 25 ಡಿಗ್ರಿ ಸೆಲ್ಸಿಯಸ್‌ನಲ್ಲಿರುವಾಗ, ಪರೀಕ್ಷಾ ಕೋಣೆಯಲ್ಲಿ ಅಳೆದ ಅಂಕಿ. ಬಿಸಿಲಿಗೆ ಹರಡಿದ ಫಲಕದ ಸೆಲ್ 60 ಡಿಗ್ರಿ ಮುಟ್ಟುವುದು ಸಾಮಾನ್ಯ. ಡಿಗ್ರಿಗೆ ಶೇಕಡಾ 0.35ರಿಂದ 0.4ರಷ್ಟು ಇಳಿಯುತ್ತದೆ ಎಂದರೂ, ಆ 35 ಡಿಗ್ರಿ ಏರಿಕೆಯಲ್ಲಿಯೇ 12ರಿಂದ 14 ವ್ಯಾಟ್ ಮಾಯ. ಕೋನ ಸರಿಯಿಲ್ಲದಿರುವುದು, ಧೂಳು, ತಂತಿಯ ನಷ್ಟ ಎಲ್ಲ ಸೇರಿದರೆ ಒಳ್ಳೆಯ ಬಿಸಿಲಿನಲ್ಲಿ ಕೈಗೆ ಬರುವುದು 70 ವ್ಯಾಟ್ ಎಂದು ಇಟ್ಟುಕೊಳ್ಳಿ. ಅಂಥ ಐದು ಗಂಟೆ ಸಿಕ್ಕರೆ 350 ವ್ಯಾಟ್-ಗಂಟೆ. ವ್ಯಾಟ್‌ಗಂಟೆಯವರು ಹೇಳಿದ 335ಕ್ಕೆ ಇದು ಸರಿಹೊಂದುವಂತೆ ಕಾಣುತ್ತದೆ, ಆದರೆ ಮಧ್ಯೆ ಒಂದು ಮೋಡ ಬಂದರೆ ಸರಿಹೊಂದುವುದಿಲ್ಲ.

ಫಲಕಕ್ಕೂ ಬ್ಯಾಟರಿಗೂ ನಡುವಿನ ಚಾರ್ಜ್ ನಿಯಂತ್ರಕ ಎಂಪಿಪಿಟಿ, ಅಂದರೆ ಫಲಕವನ್ನು ಅದು ಅತಿ ಹೆಚ್ಚು ವ್ಯಾಟ್ ಕೊಡುವ ವೋಲ್ಟೇಜಿನಲ್ಲೇ ನಡೆಸುವ ಬಗೆಯದು, ಆಗಿರಲಿ. ಅಗ್ಗದ ಪಿಡಬ್ಲ್ಯೂಎಂ ನಿಯಂತ್ರಕವು ಫಲಕದ ವೋಲ್ಟೇಜನ್ನು ಬ್ಯಾಟರಿಯ ಮಟ್ಟಕ್ಕೆ ಎಳೆದಿಡುತ್ತದೆ. 18 ವೋಲ್ಟಿನಲ್ಲಿ 5.5 ಆಂಪಿಯರ್ ಕೊಡಬಲ್ಲ ಫಲಕ 13.2 ವೋಲ್ಟಿನಲ್ಲಿಯೂ ಅದೇ 5.5 ಆಂಪಿಯರ್ ಕೊಡುತ್ತದೆಯೇ ಹೊರತು ಹೆಚ್ಚು ಕೊಡುವುದಿಲ್ಲ, ಆದ್ದರಿಂದ ಪರಿಪೂರ್ಣ ಬಿಸಿಲಿನಲ್ಲಿಯೂ ಸಿಗುವುದು 73 ವ್ಯಾಟ್. ನೆರಳಿನ ವಿಷಯ ಇನ್ನೂ ಕಠಿಣ. ಸೆಲ್‌ಗಳು ಸರಣಿಯಲ್ಲಿರುವುದರಿಂದ ಒಂದು ಮೂಲೆಯ ಮೇಲೆ ಕೊಂಬೆಯ ನೆರಳು ಬಿದ್ದರೂ ನಷ್ಟ ಆ ಮೂಲೆಯಷ್ಟಕ್ಕೇ ನಿಲ್ಲುವುದಿಲ್ಲ, ಬೈಪಾಸ್ ಡಯೋಡ್ ಆ ಇಡೀ ಸಾಲನ್ನೇ ಬಿಟ್ಟು ಮುಂದೆ ಹೋಗುತ್ತದೆ. ಗಂಟೆಗೊಮ್ಮೆ ಎದ್ದು ಫಲಕವನ್ನು ತಿರುಗಿಸುವ ತಾಳ್ಮೆ ಇಲ್ಲದವರು ಅದನ್ನು ಕೊಳ್ಳದಿರುವುದೇ ಲೇಸು.

ಹೊಸಬ:

ಮಧ್ಯೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ. ಫಲಕವೂ 18 ವೋಲ್ಟ್, ಪ್ಯಾಕೂ 18 ವೋಲ್ಟ್ ಎಂದಾದರೆ ನಡುವೆ ಇನ್ವರ್ಟರ್, ಚಾರ್ಜರ್ ಎಲ್ಲ ಏಕೆ? ಎರಡು ತಂತಿಯಲ್ಲಿ ನೇರವಾಗಿ ಸೇರಿಸಿದರೆ ಆಗುವುದಿಲ್ಲವೇ?

ತಂತಿಜೋಡಕ:

ಖಂಡಿತ ಮಾಡಬೇಡಿ. ಆ 18 ವೋಲ್ಟ್ ಎಂಬುದು ಫಲಕದ ಮೇಲೆ ಹೊರೆ ಇರುವಾಗಿನದು. ಹೊರೆ ಇಳಿದಂತೆ ಅದು 22 ವೋಲ್ಟಿನವರೆಗೆ ಏರುತ್ತದೆ. ಪ್ಯಾಕ್ ತುಂಬುತ್ತ ಬಂದು ಹೊರೆ ಇಳಿಯುವ ಹೊತ್ತಿಗೇ ಈ ಏರಿಕೆ. 22ನ್ನು ಐದು ಸೆಲ್‌ಗಳಿಗೆ ಹಂಚಿದರೆ ತಲಾ 4.4 ವೋಲ್ಟ್, ಮಿತಿ 4.2. ಸೆಲ್‌ಗಳೆಲ್ಲ ಸಮವಾಗಿರುವುದಿಲ್ಲವಾದ್ದರಿಂದ ದುರ್ಬಲವಾದ ಒಂದು ಸೆಲ್ ಇನ್ನೂ ಮೇಲೆ ಹೋಗುತ್ತದೆ. ಪ್ಯಾಕಿನೊಳಗಿನ ಸರ್ಕ್ಯೂಟ್ ತಡೆಯುತ್ತದೆ ಎಂಬ ನಂಬಿಕೆಯೂ ಬೇಡ. ಹಲವು ಉಪಕರಣ ಪ್ಯಾಕ್‌ಗಳಲ್ಲಿ ಚಾರ್ಜಿಂಗ್ ನಿಲ್ಲಿಸುವ ತೀರ್ಮಾನ ಚಾರ್ಜರಿನದು. ಪ್ಯಾಕ್ ತನ್ನ ತಾಪಮಾನವನ್ನೂ ಸೆಲ್‌ಗಳ ಸ್ಥಿತಿಯನ್ನೂ ಮೂರನೆಯ, ನಾಲ್ಕನೆಯ ಪಿನ್ನಿನ ಮೂಲಕ ಚಾರ್ಜರಿಗೆ ತಿಳಿಸುತ್ತದೆ, ಅಷ್ಟೆ. ಎರಡೇ ತಂತಿಯಲ್ಲಿ ಸೇರಿಸಿದಾಗ ಆ ಮಾತುಕತೆಯೇ ನಡೆಯುವುದಿಲ್ಲ. ಕೊನೆಗೆ ಆಗುವುದು ಬೆಂಕಿ.

ನೇರ ಮಾರ್ಗ ಬೇಕೇ ಬೇಕೆಂದಾದರೆ ವಾಹನದ 12 ವೋಲ್ಟಿನಿಂದ ನಡೆಯುವ ಚಾರ್ಜರ್‌ಗಳಿವೆ. ಮಕಿಟಾದ ಡಿಸಿ18ಎಸ್‌ಇ, ಡಿವಾಲ್ಟ್‌ನ ಡಿಸಿಬಿ119 ಈ ಬಗೆಯವು. ಇವುಗಳಲ್ಲಿ ಡಿಸಿಯನ್ನು (ಬ್ಯಾಟರಿಯ ಬಗೆಯ ವಿದ್ಯುತ್ತನ್ನು) ಎಸಿ ಮಾಡಿ ಮತ್ತೆ ಡಿಸಿ ಮಾಡುವ ಸುತ್ತಾಟವಿಲ್ಲ, ಇನ್ವರ್ಟರಿನ ಪಾಲಿನ ಸೋರಿಕೆ ಉಳಿಯುತ್ತದೆ. ನಿಮ್ಮ ಪ್ಯಾಕಿನ ತಯಾರಕರದೇ ಅಂಥ ಚಾರ್ಜರ್ ಸಿಗುವುದಾದರೆ ಮೊದಲ ಆಯ್ಕೆ ಅದೇ ಆಗಲಿ.

ಕಾರಿನ ಬ್ಯಾಟರಿಯ ಬಗ್ಗೆಯೂ ಒಂದು ಮಾತು. 5 ಆಂಪಿಯರ್-ಗಂಟೆಯ ಒಂದು ಪ್ಯಾಕ್ ತುಂಬಿಸಲು 12 ವೋಲ್ಟಿನ ಕಡೆಯಿಂದ ಸುಮಾರು 9ರಿಂದ 10 ಆಂಪಿಯರ್-ಗಂಟೆ ಹೋಗುತ್ತದೆ. ಎಂಜಿನ್ ನಿಲ್ಲಿಸಿ ಎರಡು ಪ್ಯಾಕ್ ತುಂಬಿಸಿದರೆ 50 ಆಂಪಿಯರ್-ಗಂಟೆಯ ಸ್ಟಾರ್ಟರ್ ಬ್ಯಾಟರಿಯ ಶೇಕಡಾ 40 ಖಾಲಿ. ಸೀಸ-ಆಮ್ಲದ ಆ ಬ್ಯಾಟರಿ ಒಂದು ಕ್ಷಣ ಭಾರೀ ಕರೆಂಟ್ ಕೊಡಲು ಮಾಡಿದ್ದು, ಆಳವಾಗಿ ಬಸಿಯಲು ಮಾಡಿದ್ದಲ್ಲ. ದಾರಿಯಲ್ಲಿ ಓಡಿಸುವಾಗ ಚಾರ್ಜ್ ಮಾಡಿಕೊಳ್ಳಿ, ನಿಂತಲ್ಲಿ ಬೇಡ.

ಹಳೇಇನ್ವರ್ಟರ್:

ಅಗ್ಗದ ಇನ್ವರ್ಟರ್ ಕೊಳ್ಳಲು ಹೊರಟವರು ನನ್ನ ಕಥೆ ಕೇಳಿ. ನಾನು 'ಮಾರ್ಪಡಿಸಿದ ಸೈನ್ ತರಂಗ' ಎಂದು ಬರೆದಿದ್ದ ಇನ್ವರ್ಟರಿಗೆ ಉಪಕರಣದ ಚಾರ್ಜರನ್ನು ಜೋಡಿಸಿದೆ. ಮೊದಲ ದಿನ ಸಣ್ಣ ಗುಂಯ್‌ಗುಟ್ಟುವಿಕೆ ಕೇಳಿಸಿತು, ದೀಪ ಉರಿಯಿತು, ಪ್ಯಾಕೂ ತುಂಬಿತು. ಎರಡನೆಯ ದಿನ ಅರ್ಧ ಗಂಟೆಯೊಳಗೆ ಸುಟ್ಟ ವಾಸನೆ ಬಂದು ಚಾರ್ಜರ್ ಶಾಶ್ವತವಾಗಿ ಮೌನವಾಯಿತು. ಬಿಚ್ಚಿ ನೋಡಿದರೆ ಒಳಗಿನ ನಿಯಂತ್ರಣ ಭಾಗಕ್ಕೆ ಕರೆಂಟ್ ಕೊಡುವ ಪುಟ್ಟ ಪೂರೈಕೆ ಒಂದು ಕೆಪ್ಯಾಸಿಟರ್ ಮೂಲಕ ಬರುತ್ತಿತ್ತು. ಮಾರ್ಪಡಿಸಿದ ತರಂಗ ಎಂದರೆ ವಾಸ್ತವದಲ್ಲಿ ಮೆಟ್ಟಿಲು ತರಂಗ. ಅದರ ಕಡಿದಾದ ಅಂಚುಗಳಲ್ಲಿ ಕೆಪ್ಯಾಸಿಟರ್ ಮೂಲಕ ಹರಿಯುವ ಕರೆಂಟ್ ವಿಪರೀತ ಏರಿ ಅದರ ಮುಂದಿನ ಭಾಗವನ್ನು ಸುಟ್ಟಿತ್ತು. ಎಲ್ಲ ಚಾರ್ಜರ್‌ಗಳೂ ಹೀಗೆ ಸಾಯುವುದಿಲ್ಲ, ಹಲವು ಸ್ವಿಚ್ ಮೋಡ್ ಚಾರ್ಜರ್‌ಗಳು ವರ್ಷಗಟ್ಟಲೆ ನಡೆಯುತ್ತವೆ. ಆದರೆ ನಿಮ್ಮದು ಯಾವ ಜಾತಿಯದು ಎಂಬುದು ಸುಟ್ಟ ಮೇಲೆ ತಾನೇ ತಿಳಿಯುವುದು? ಶುದ್ಧ ಸೈನ್ ತರಂಗದ್ದನ್ನೇ ಕೊಳ್ಳಿ. ಚಾರ್ಜರಿನ ಕೈಪಿಡಿಯನ್ನೂ ಓದಿ, ಜನರೇಟರ್ ಬಳಸಬಾರದೆಂದು ಕೆಲವದರಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ.

ವ್ಯಾಟ್‌ಗಂಟೆ:

ಅದಕ್ಕೆ ಸೇರಿದಂತೆ ಇನ್ನೊಂದು. ಇನ್ವರ್ಟರಿನ ಗಾತ್ರವನ್ನು ಚಾರ್ಜರಿನ ವ್ಯಾಟ್ ನೋಡಿ ಮಾತ್ರ ಆರಿಸಬೇಡಿ. ಪವರ್ ಫ್ಯಾಕ್ಟರ್ (ಬಳಕೆಯಾಗುವ ವ್ಯಾಟಿಗೂ ಎಳೆಯುವ ವೋಲ್ಟ್-ಆಂಪಿಯರಿಗೂ ಇರುವ ಅನುಪಾತ) ತಿದ್ದುವ ಭಾಗವಿಲ್ಲದ ಚಾರ್ಜರ್ ತರಂಗದ ತುದಿಯಲ್ಲಷ್ಟೇ ಕರೆಂಟನ್ನು ಗಬಕ್ಕನೆ ಎಳೆಯುತ್ತದೆ. ಅಂಥದರ ಪವರ್ ಫ್ಯಾಕ್ಟರ್ 0.6 ಎಂದಿದ್ದರೆ 240 ವ್ಯಾಟಿನ ವೇಗದ ಚಾರ್ಜರ್ ಇನ್ವರ್ಟರಿಗೆ 400 ವೋಲ್ಟ್-ಆಂಪಿಯರಿನಂತೆ ಕಾಣಿಸುತ್ತದೆ. 300 ವ್ಯಾಟ್ ಎಂದು ಬರೆದ ಇನ್ವರ್ಟರ್ ಕಾರಣ ಹೇಳದೆ ಟ್ರಿಪ್ ಆಗುವುದು ಹೀಗೆ.

ಮರದಪುಡಿ:

ಎಲ್ಲರಿಗೂ ಧನ್ಯವಾದಗಳು. ನಿಧಾನಿಯವರು ಹೇಳಿದ್ದು ನಿಜ, ದೊಡ್ಡ ಪ್ಯಾಕ್‌ಗಳನ್ನು ಮುಗಿಸಿದ್ದು ಗ್ರೈಂಡರ್ ಮತ್ತು ಗರಗಸ. ಯುಎಸ್‌ಬಿ-ಸಿ ಮೂಲಕ ಚಾರ್ಜ್ ಆಗುವ ಪ್ಯಾಕ್‌ಗಳೂ ಈಗ ಬಂದಿವೆಯಲ್ಲ, ಅವುಗಳನ್ನು ಕೊಂಡರೆ ಚಾರ್ಜರಿನ ಹೊರೆಯೇ ತಪ್ಪುವುದಿಲ್ಲವೇ?

ತಂತಿಜೋಡಕ:

ಸಣ್ಣ ಪ್ಯಾಕ್‌ಗಳಿಗೆ ಚೆನ್ನಾಗಿದೆ. ಯುಎಸ್‌ಬಿ ಪಿಡಿ (ಯುಎಸ್‌ಬಿ-ಸಿ ಮೂಲಕ ಹೆಚ್ಚು ಶಕ್ತಿ ಕಳಿಸುವ ನಿಯಮಾವಳಿ) ಹಳೆಯ ಮಿತಿಯಲ್ಲಿ 20 ವೋಲ್ಟ್, 5 ಆಂಪಿಯರ್, ಅಂದರೆ 100 ವ್ಯಾಟ್. 2021ರಲ್ಲಿ ಬಂದ 3.1 ಆವೃತ್ತಿ ಅದನ್ನು 48 ವೋಲ್ಟಿಗೆ, 240 ವ್ಯಾಟಿಗೆ ಏರಿಸಿತು. ನಿಮ್ಮ ಪ್ಯಾಕ್ ತುಂಬಲು 21 ವೋಲ್ಟ್ ಬೇಕಾಗಿರುವುದರಿಂದ 20 ವೋಲ್ಟಿನ ಕಡೆಯಿಂದ ಬಂದದ್ದನ್ನು ಒಳಗೆ ಸ್ವಲ್ಪ ಮೇಲೆತ್ತುವ ಸರ್ಕ್ಯೂಟ್ ಇರಲೇಬೇಕು. ಅದು ಪ್ಯಾಕಿನ ತಯಾರಕರೇ ಇಟ್ಟದ್ದಾಗಿರಬೇಕು. ಸಂತೆಯಲ್ಲಿ ಸಿಗುವ ಹೆಸರಿಲ್ಲದ ಅಡಾಪ್ಟರುಗಳ ಬಗ್ಗೆ ನನ್ನ ಅಭಿಪ್ರಾಯವನ್ನು ಮೇಲೆ ಎರಡು ತಂತಿಯ ಪ್ರಶ್ನೆಗೆ ಕೊಟ್ಟ ಉತ್ತರದಲ್ಲೇ ಓದಿಕೊಳ್ಳಬಹುದು.

ನೀವೇ ಪೆಟ್ಟಿಗೆ ಕಟ್ಟುವುದಾದರೆ ತಂತಿಯಲ್ಲಿ ಜಿಪುಣತನ ಬೇಡ. 12 ವೋಲ್ಟಿನಲ್ಲಿ 300 ವ್ಯಾಟ್ ಎಂದರೆ 25 ಆಂಪಿಯರಿಗೂ ಮೇಲೆ. ಬ್ಯಾಟರಿಯಿಂದ ಇನ್ವರ್ಟರಿಗೆ ಎರಡು ಮೀಟರ್ ದೂರವಿದ್ದು 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಹಾಕಿದರೆ ಹೋಗಿಬರುವ ನಾಲ್ಕು ಮೀಟರಿನಲ್ಲಿ ಸುಮಾರು 0.7 ವೋಲ್ಟ್ ಕಳೆದುಹೋಗುತ್ತದೆ, ಇನ್ವರ್ಟರ್ 'ಬ್ಯಾಟರಿ ಕಡಿಮೆ' ಎಂದು ಕಿರುಚಿ ನಿಲ್ಲುತ್ತದೆ. 6 ಚದರ ಮಿಲಿಮೀಟರ್ ಹಾಕಿದರೆ ನಷ್ಟ 0.3ಕ್ಕೆ ಇಳಿಯುತ್ತದೆ. ಎರಡು ಮೀಟರನ್ನು ಅರ್ಧ ಮೀಟರ್ ಮಾಡಿದರೆ ಇನ್ನೂ ಒಳ್ಳೆಯದು.

ನಿಧಾನಿ:

ಶಾಖದ ಬಗ್ಗೆ ಯಾರೂ ಎಚ್ಚರಿಸಲಿಲ್ಲವಾದ್ದರಿಂದ ಹೇಳುತ್ತಿದ್ದೇನೆ. ಲಿಥಿಯಂ ಅಯಾನ್ ಸೆಲ್‌ಗಳನ್ನು ಸಾಮಾನ್ಯವಾಗಿ 0ಯಿಂದ 45 ಡಿಗ್ರಿಯ ನಡುವೆ ಮಾತ್ರ ಚಾರ್ಜ್ ಮಾಡಬೇಕು. ಗ್ರೈಂಡರಿನಿಂದ ಆಗಷ್ಟೇ ತೆಗೆದ ಪ್ಯಾಕನ್ನು ಚಾರ್ಜರಿಗೆ ಸಿಕ್ಕಿಸಿದರೆ ಅದು ಕೆಂಪು ದೀಪ ಮಿನುಗಿಸುತ್ತ ಕಾಯುತ್ತದೆ; ಆ ಹೊತ್ತಿನಲ್ಲಿ ಇನ್ವರ್ಟರ್ ಮಾತ್ರ ನಿಮ್ಮ ಸಂಗ್ರಹವನ್ನು ತಿನ್ನುತ್ತಿರುತ್ತದೆ. ಮೊದಲು ನೆರಳಿನಲ್ಲಿಟ್ಟು ತಣಿಯಲು ಬಿಡಿ. ಬಿಸಿಲಿನಲ್ಲಿ ನಿಲ್ಲಿಸಿ ಕಿಟಕಿ ಮುಚ್ಚಿದ ವಾಹನದೊಳಗೆ ತಾಪಮಾನ 60 ಡಿಗ್ರಿ ದಾಟಬಲ್ಲದು. ಫಲಕ ಬಿಸಿಲಲ್ಲಿರಲಿ, ಬ್ಯಾಟರಿ ಪೆಟ್ಟಿಗೆಯೂ ಚಾರ್ಜರೂ ನೆರಳಲ್ಲಿರಲಿ.

ಮರದಪುಡಿ:

ಎರಡು ಬಾರಿ ಹೋಗಿಬಂದೆ, ಈಗ ನನ್ನ ಅಳತೆಗಳನ್ನು ಬರೆಯುತ್ತಿದ್ದೇನೆ. ಕೊನೆಗೆ ಮಾಡಿಕೊಂಡದ್ದು ಹೀಗೆ: 12.8 ವೋಲ್ಟ್, 50 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಅಂದರೆ 640 ವ್ಯಾಟ್-ಗಂಟೆ, ಎಂಪಿಪಿಟಿ ನಿಯಂತ್ರಕ, 300 ವ್ಯಾಟಿನ ಶುದ್ಧ ಸೈನ್ ಇನ್ವರ್ಟರ್, 100 ವ್ಯಾಟಿನ ಫಲಕ. ಬ್ಯಾಟರಿಗೂ ಇನ್ವರ್ಟರಿಗೂ ನಡುವೆ ವ್ಯಾಟ್-ಗಂಟೆ ಎಣಿಸುವ ಸಣ್ಣ ಮೀಟರ್ ಕೂರಿಸಿದೆ, ಕೊಂಡದ್ದರಲ್ಲೆಲ್ಲ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ.

ಗರಗಸ ತಾನಾಗಿ ನಿಂತ ಮೇಲೆ ತೆಗೆದ 5 ಆಂಪಿಯರ್-ಗಂಟೆಯ ಪ್ಯಾಕ್ ತುಂಬಲು 114 ವ್ಯಾಟ್-ಗಂಟೆ ಎಳೆಯಿತು. ಉಪಕರಣ ಪ್ಯಾಕನ್ನು ಪೂರ್ತಿ ಬಸಿಯದೆ ಸ್ವಲ್ಪ ಉಳಿಸಿ ನಿಲ್ಲುವುದರಿಂದ 120ಕ್ಕಿಂತ ತುಸು ಕಡಿಮೆ ಬಂದಿರಬೇಕು. ಲೆಕ್ಕ ಇಷ್ಟು ಹತ್ತಿರ ಕೂರುತ್ತದೆಂದು ನಾನು ಎಣಿಸಿರಲಿಲ್ಲ.

ಆದರೆ ಮೊದಲ ರಾತ್ರಿ ದೊಡ್ಡ ತಪ್ಪು ಮಾಡಿದೆ. ಎರಡು ಪ್ಯಾಕ್ ಚಾರ್ಜಿಗೆ ಹಾಕಿ ಮಲಗಿದೆ. ಅವು ಎರಡು ಗಂಟೆಯಲ್ಲಿ ತುಂಬಿದ್ದವು, ಇನ್ವರ್ಟರ್ ಮಾತ್ರ ಬೆಳಗಿನವರೆಗೆ ಚಾಲೂ ಇತ್ತು. ಹೊರೆಯಿಲ್ಲದೆ ಸುಮ್ಮನಿದ್ದರೂ ಅದು 9 ವ್ಯಾಟ್ ತಿನ್ನುತ್ತದೆ. ಹತ್ತು ಗಂಟೆಯಲ್ಲಿ ಮೀಟರ್ ಹೆಚ್ಚುಕಡಿಮೆ 90 ವ್ಯಾಟ್-ಗಂಟೆ ತೋರಿಸಿತು, ಒಂದಿಡೀ ದೊಡ್ಡ ಪ್ಯಾಕಿನಷ್ಟು ಶಕ್ತಿ ಯಾವ ಸ್ಕ್ರೂವನ್ನೂ ತಿರುಗಿಸದೆ ಹೋಯಿತು. ನಿಧಾನಿಯವರು ನಗಬಹುದು.

ವ್ಯಾಟ್‌ಗಂಟೆ:

ಆ 9 ವ್ಯಾಟಿನ ಬಗ್ಗೆ ನಾನು ಮೊದಲೇ ಹೇಳಬೇಕಿತ್ತು. ಆ ಖರ್ಚು ಪ್ಯಾಕ್ ಒಂದಿರಲಿ, ಎರಡಿರಲಿ, ಗಂಟೆಗಿಷ್ಟು ಎಂದು ನಡೆಯುತ್ತಲೇ ಇರುತ್ತದೆ. ಆದ್ದರಿಂದ ದಿನವಿಡೀ ಒಂದೊಂದಾಗಿ ಚಾರ್ಜ್ ಮಾಡುವುದಕ್ಕಿಂತ ಖಾಲಿ ಪ್ಯಾಕ್‌ಗಳನ್ನು ಕೂಡಿಸಿಟ್ಟು ಒಟ್ಟಿಗೆ ಹಾಕಿ, ಮುಗಿದೊಡನೆ ಇನ್ವರ್ಟರ್ ಆರಿಸುವುದು ಒಳ್ಳೆಯದು. ಕೊನೆಯ ಶೇಕಡಾ 15ರಿಂದ 20ರಷ್ಟು ತುಂಬುವಾಗ ಚಾರ್ಜರ್ ವೋಲ್ಟೇಜನ್ನು ಸ್ಥಿರವಾಗಿಟ್ಟು ಕರೆಂಟನ್ನು ಇಳಿಸುತ್ತ ಹೋಗುತ್ತದೆ, ಅಲ್ಲಿ ಹೊತ್ತು ಹೆಚ್ಚು, ಸಿಗುವುದು ಕಡಿಮೆ. ಅವಸರವಿದ್ದರೆ ಅದಕ್ಕೂ ಮೊದಲೇ ತೆಗೆದುಬಿಡಿ, ಪ್ಯಾಕಿಗೆ ಹಾನಿಯೇನೂ ಇಲ್ಲ.

ಬಿಸಿಲುಕೋಲು:

ನಿಮ್ಮ ಚಾರ್ಜರ್ ವೇಗದ್ದೋ ನಿಧಾನದ್ದೋ? ಈ ಪ್ರಶ್ನೆಗೆ ಕಾರಣವಿದೆ. 9 ಆಂಪಿಯರಿನ ಚಾರ್ಜರ್ 20 ವೋಲ್ಟಿನ ಆಸುಪಾಸಿನಲ್ಲಿ 180 ವ್ಯಾಟ್ ಪ್ಯಾಕಿಗೆ ಕೊಡಲು ಗೋಡೆಯಿಂದ 210 ವ್ಯಾಟ್ ಎಳೆಯುತ್ತದೆ. ನಿಮ್ಮ ಫಲಕ ಕೊಡುವುದು 70. ಉಳಿದದ್ದೆಲ್ಲ ಬ್ಯಾಟರಿಯ ಹೊಟ್ಟೆಯಿಂದಲೇ ಬರಬೇಕು. ಅದೇ 3 ಆಂಪಿಯರಿನ ಚಾರ್ಜರ್ ಆದರೆ ಎಳೆಯುವುದು 70 ವ್ಯಾಟ್, ಇನ್ವರ್ಟರಿನ ನಷ್ಟ ಸೇರಿ 80. ನಡುಹಗಲಿನಲ್ಲಿ ಅದನ್ನು ಹಾಕಿದರೆ ಫಲಕದಿಂದ ಬಂದದ್ದು ಹೆಚ್ಚುಕಡಿಮೆ ನೇರವಾಗಿ ಉಪಕರಣದ ಪ್ಯಾಕಿಗೆ ಹರಿಯುತ್ತದೆ, ದೊಡ್ಡ ಬ್ಯಾಟರಿ ಬರೀ ಆಸರೆಯಾಗಿ ಪಕ್ಕದಲ್ಲಿರುತ್ತದೆ. 5 ಆಂಪಿಯರ್-ಗಂಟೆಯ ಪ್ಯಾಕಿಗೆ ಎರಡು ಗಂಟೆ ಹಿಡಿಯುತ್ತದೆ ನಿಜ, ಆದರೆ ಅಷ್ಟು ಹೊತ್ತು ಇನ್ನೊಂದು ಪ್ಯಾಕ್ ನಿಮ್ಮ ಕೈಯಲ್ಲಿ ಕೆಲಸ ಮಾಡುತ್ತಿರುತ್ತದಲ್ಲ. ಕರೆಂಟಿಲ್ಲದ ಜಾಗದಲ್ಲಿ ವೇಗದ ಚಾರ್ಜರ್ ಒಂದು ಹೊರೆ ಎಂದೇ ನಾನು ಹೇಳುತ್ತೇನೆ.

ನಿಧಾನಿ:

ನಾನು ನಗಲಿಲ್ಲ. ಹೆಸರಿಗೆ ತಕ್ಕಂತೆ ನಾನೂ ನಿಧಾನದ ಚಾರ್ಜರಿನ ಕಡೆಯೇ. ಆದರೂ ಕೇಳುತ್ತೇನೆ: ಮೂರು ದಿನದಲ್ಲಿ ಒಟ್ಟು ಎಷ್ಟು ಖರ್ಚಾಯಿತು?

ಮರದಪುಡಿ:

ಎರಡನೆಯ ಬಾರಿ, ಕತ್ತರಿಸುವ ಕೆಲಸದ ಬಹುಪಾಲನ್ನು ಮೊದಲೇ ಮುಗಿಸಿಕೊಂಡು ಹೋದಾಗ, ಪೆಟ್ಟಿಗೆಯಿಂದ ಮೂರು ದಿನಕ್ಕೆ 410 ವ್ಯಾಟ್-ಗಂಟೆ. ಮನೆಯಿಂದ ತುಂಬಿಸಿ ಒಯ್ದ 252 ಬೇರೆ. ಅಂದರೆ ತುಂಬಿದ 640ರ ಪೆಟ್ಟಿಗೆಯೊಂದೇ ಸಾಕಾಗುತ್ತಿತ್ತು, ಫಲಕ ಇಲ್ಲದೆಯೂ ನಡೆಯುತ್ತಿತ್ತು. ಇನ್ನೂ ಮೂರು ದೊಡ್ಡ ಪ್ಯಾಕ್‌ಗಳನ್ನೂ ಒಂದು ಚಿಕ್ಕದನ್ನೂ ಕೊಂಡಿದ್ದರೆ ಪೆಟ್ಟಿಗೆಯೂ ಬೇಕಿರಲಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಮುಂದಿನ ತಿಂಗಳು ಚಾವಣಿಯ ಕೆಲಸಕ್ಕೆ ಎಂಟು ದಿನ ಇರಬೇಕಾಗಿದೆ, ಅಲ್ಲಿ ಬಿಸಿಲುಕೋಲು ಅವರ ಫಲಕವೇ ಗತಿ.

ನನ್ನದು ವೇಗದ ಚಾರ್ಜರ್. ಅದನ್ನು ಮನೆಯಲ್ಲಿ ಬಿಟ್ಟು 3 ಆಂಪಿಯರಿನ ಎರಡನ್ನು ಒಯ್ಯುತ್ತೇನೆ: ನಡುಹಗಲು ಒಂದು, ಖಾಲಿ ಪ್ಯಾಕ್‌ಗಳು ಕೂಡಿಕೊಂಡ ಸಂಜೆ ಎರಡೂ. ಎಂಟು ಗಂಟೆಗೆ ಇನ್ವರ್ಟರ್ ಆರಿಸಲು ಫೋನಿನಲ್ಲಿ ಅಲಾರಂ ಇಟ್ಟಿದ್ದೇನೆ.

ತಂತಿಜೋಡಕ:

ಇಷ್ಟೆಲ್ಲ ಬರೆದಿರಿ, ಫ್ಯೂಸಿನ ಮಾತೇ ಇಲ್ಲ. ಹಾಕಿದ್ದೀರಿ ತಾನೆ?

ಮರದಪುಡಿ:

ಹಾಕಿದ್ದೇನೆ. 40 ಆಂಪಿಯರಿನದು, ಬ್ಯಾಟರಿಯ ಧನ ತುದಿಯಿಂದ ಒಂದು ಗೇಣಿನೊಳಗೆ. ತಂತಿ 6 ಚದರ ಮಿಲಿಮೀಟರ್, ಉದ್ದ ಅರ್ಧ ಮೀಟರ್.